ಕಪ್ಪು ಬಳಿದ ಪಟ್ಟೆ

"ಕೊಡವೇ ಮುಂಡೆ, ಇನ್ನೂ ಜೋರಾಗಿ ಕೊಡವು! ಕಂಪನಿ ಮಾಲು ಏನು ನಿಮ್ಮಪ್ಪಂದು ಅನ್ಕೊಂಡ್ಯಾ?"

ಮೇಸ್ತ್ರಿಯ ಮಾತಿಗೆ ಪ್ರೇಕ್ಷಕರ ಕೊರತೆ ಇರಲಿಲ್ಲ. ಸಂಜೆ ಐದೂವರೆಯ ಹೊತ್ತು, ಹೆದ್ದಾರಿಯ ಅಷ್ಟೂ ಸಾಲುಗಳಲ್ಲಿ ಕಾರುಗಳು ಉಸಿರುಗಟ್ಟಿ ನಿಂತಿದ್ದವು. ಮುಂದೆ ಹೋಗಲು ಜಾಗವಿಲ್ಲದೆ, ನೋಡಲು ಬೇರೇನೂ ಇಲ್ಲದೆ ಕುಳಿತಿದ್ದ ಜನ ಗಾಜಿನ ಹಿಂದಿನಿಂದ ಮಣಿಯಕ್ಕನನ್ನು ನೋಡುತ್ತಿದ್ದರು. ಅವಳು ಕಿತ್ತಳೆ ಬಣ್ಣದ ಮೇಲಂಗಿ ಬಿಚ್ಚಿ ಕೊಡವಿದಳು. ಜೇಬುಗಳನ್ನು ಒಳಹೊರಗು ಮಾಡಿದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೊಡವಿದಳು. ಒಂದು ಕಾರಿನ ಹಿಂದಿನ ಸೀಟಿನಲ್ಲಿದ್ದ ಹೆಂಗಸು ಮೊಬೈಲ್ ಎತ್ತಿ ಫೋಟೊ ಹೊಡೆದುಕೊಂಡಳು. ಆಮೇಲೆ ಏನನ್ನಿಸಿತೋ, ಕಿಟಕಿ ಏರಿಸಿಬಿಟ್ಟಳು.

"ತೋಳಿನ ಮಡಿಕೆ?"

"ಬಿಚ್ಚಿದ್ನಲ್ಲ ಮೇಸ್ತ್ರಿ."

"ಕಳ್ಳಿ ಕಣೇ ನೀನು. ಮುಖ ನೋಡಿದ್ರೇ ಗೊತ್ತಾಗುತ್ತೆ."

"ಕದ್ದು ಏನ್ ಮಾಡ್ಲಿ? ಬೇಯಿಸ್ಕೊಂಡು ತಿನ್ಲಾ? ಎಷ್ಟು ಉರಿ ಹಾಕಿದ್ರೂ ಬೇಯಲ್ಲ ಇದು."

ಪಕ್ಕದಲ್ಲಿ ಬಣ್ಣದ ಗಾಡಿ ಒರೆಸುತ್ತಿದ್ದ ಒಲೆಯಣ್ಣ ಕಿಸಕ್ಕನೆ ನಕ್ಕ. ಮೇಸ್ತ್ರಿ ಅವನಿಗೂ ಒಂದು ಬೋಳಿಮಗ ಪ್ರಯೋಗಿಸಿ ಲೆಕ್ಕ ಸರಿ ಮಾಡಿದ.

ಇವರದು ರಸ್ತೆಗೆ ಗೆರೆ ಎಳೆಯುವ ತಂಡ. ಒಲೆಯಣ್ಣ ಕುದಿಯುವ ಬಿಳಿ ಬಣ್ಣವನ್ನು ಗಾಡಿಯಲ್ಲಿ ತಳ್ಳಿಕೊಂಡು ಗೆರೆ ಎಳೆದರೆ, ಅದು ಗಟ್ಟಿಯಾಗುವುದರೊಳಗೆ ಹಿಂದಿನಿಂದ ಮಣಿಯಕ್ಕ ಗಾಜಿನ ಮಣಿ ಎರಚಬೇಕು. ಸಕ್ಕರೆಗಿಂತ ಸಣ್ಣ ಮಣಿ. ಕತ್ತಲಾದ ಮೇಲೆ ಗಾಡಿಯ ದೀಪ ಬಿದ್ದರೆ ಗೆರೆ ಥಳಥಳ ಹೊಳೆಯುವುದು ಈ ಮಣಿಯಿಂದ. ಆರು ವರ್ಷದಿಂದ ಎರಚಿ ಎರಚಿ ಅವಳಿಗೆ ಆ ಹೆಸರೇ ಗಟ್ಟಿಯಾಗಿತ್ತು. ಕಂಪನಿಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆಯಂತೆ, ಅದನ್ನು ಕೂಗಿದರೆ ಈಗ ಅವಳೇ ತಿರುಗಿ ನೋಡುವುದಿಲ್ಲ.

ಒಂದು ಸಲ ಮಣಿಯ ಎರಡು ಮೂಟೆ ಕಡಿಮೆ ಬಂದಿತ್ತು. ಮೇಸ್ತ್ರಿಯ ಭಾವಮೈದುನನ ಟೆಂಪೊ ಅವತ್ತು ಯಾಕೆ ಬಂದಿತ್ತು, ಯಾಕೆ ಭಾರಕ್ಕೆ ಬಗ್ಗಿಕೊಂಡು ಹೋಯಿತು ಎನ್ನುವುದು ತಂಡಕ್ಕೆಲ್ಲ ಗೊತ್ತು. ಆದ್ದರಿಂದ ಅವತ್ತಿನಿಂದ ಹೆಂಗಸರು ಮನೆಗೆ ಹೋಗುವ ಮುಂಚೆ ಬಟ್ಟೆ ಕೊಡವಬೇಕು ಎಂದು ಕಾನೂನಾಯಿತು.

ಎಷ್ಟು ಕೊಡವಿದರೂ ಮಣಿ ಪೂರ್ತಿ ಬಿಟ್ಟುಹೋಗುವ ಜಾತಿಯದಲ್ಲ. ಕೂದಲ ಬುಡದಲ್ಲಿ, ಕಿವಿಯ ಸಂದಿಯಲ್ಲಿ, ಅಂಗಿಯ ಹೊಲಿಗೆಯಲ್ಲಿ ಅಡಗಿ ಕೂತು ಮನೆಗೆ ಬರುತ್ತದೆ. ಮನೆಯೆಂದರೆ ಹೆದ್ದಾರಿಯ ಪಕ್ಕದಲ್ಲೇ ತಗಡು ಹೊದಿಸಿದ ಒಂದು ಕೋಣೆ. ಅಲ್ಲಿ ಅತ್ತೆ ತಟ್ಟೆಯೊಂದನ್ನು ಮಡಿಲಲ್ಲಿಟ್ಟುಕೊಂಡು ದೀಪದ ಕೆಳಗೆ ಸೊಸೆಯ ತಲೆ ಬಾಚುತ್ತಾಳೆ. ತಟ್ಟೆಗೆ ಮಣಿ ಚಿಟಚಿಟನೆ ಉದುರುತ್ತದೆ.

"ಇವತ್ತೂ ಕೊಡವಿಸಿದ್ನಾ?"

"ಹೂಂ."

"ಅವನ ಕೈಗೆ ಲಕ್ವ ಹೊಡೆಯ." ಅತ್ತೆ ತಟ್ಟೆಯಲ್ಲಿದ್ದದ್ದನ್ನು ಹಳೆಯ ಹಾಲಿನಪುಡಿ ಡಬ್ಬಿಗೆ ಜೋಪಾನವಾಗಿ ಸುರಿದಳು. ಆರು ವರ್ಷದಲ್ಲಿ ಅಂಥ ಒಂದು ಡಬ್ಬಿ ತುಂಬಿ ಎರಡನೆಯದು ಮುಕ್ಕಾಲಾಗಿತ್ತು.

"ಯಾಕತ್ತೆ ಕೂಡಿಡ್ತೀರಿ? ಆಚೆ ಚೆಲ್ಲಿ."

"ಚೆಲ್ಲಕ್ಕೆ ನಮ್ದಾ ಅದು? ನಿನ್ನ ಕಳ್ಳಿ ಅಂತಾನಲ್ಲ, ಒಂದಿನ ಪೂರಾ ಡಬ್ಬಿ ವಾಪಸ್ ಕೊಟ್ಟು ಅವನ ಮುಖಕ್ಕೆ ಉಗಿದು ಬರ್ತೀನಿ. ಅಲ್ಲೀವರೆಗೂ ಇರ್ಲಿ."

ಅತ್ತೆ ಹಠಮಾರಿ. ಹೆದ್ದಾರಿಯ ಆ ಕಡೆ ಇರುವ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕುತ್ತಾಳೆ. ಅವಳೊಬ್ಬಳೇ ಅಲ್ಲ, ಈ ತಗಡಿನ ಕೇರಿಯ ಎಲ್ಲರ ಮನೆ ಈ ಕಡೆ, ಅನ್ನ ಆ ಕಡೆ. ಮೊದಲೆಲ್ಲ ಗಾಡಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ನುಗ್ಗಿ ದಾಟುತ್ತಿದ್ದರು. ಆರು ವರ್ಷದ ಹಿಂದೆ ಅತ್ತೆಯ ಮಗ, ಅಂದರೆ ಮಣಿಯಕ್ಕನ ಗಂಡ, ಹಾಗೆ ದಾಟುವಾಗಲೇ ಹೋದ. ಕೇರಿಯವರು ಹೆಣ ಇಟ್ಟುಕೊಂಡು ಅರ್ಧ ದಿನ ರಸ್ತೆಯಲ್ಲಿ ಕೂತರು. ಅವನು ಬಿದ್ದಿದ್ದನ್ನು ನೋಡಲು ಪುರುಸೊತ್ತಿಲ್ಲದಿದ್ದ ಸಾಹೇಬರಿಗೆಲ್ಲ ಕಾರುಗಳು ನಿಂತದ್ದನ್ನು ಮಾತ್ರ ನೋಡಲಾಗಲಿಲ್ಲ. ಓಡೋಡಿ ಬಂದರು. ದಾಟಲು ಬಿಳಿ ಪಟ್ಟೆ ಹಾಕಿಸುತ್ತೇವೆ, ಹೆಂಡತಿಗೆ ಕೆಲಸ ಕೊಡುತ್ತೇವೆ ಎಂದರು. ಎರಡೂ ಮಾತು ಉಳಿಸಿಕೊಂಡರು. ಎಷ್ಟು ಚೆನ್ನಾಗಿ ಉಳಿಸಿಕೊಂಡರೆಂದರೆ, ಅವಳ ಮೊದಲ ದಿನದ ಕೆಲಸವೇ ಆ ಪಟ್ಟೆಗೆ ಮಣಿ ಎರಚುವುದಾಗಿತ್ತು. ನೀರು ಹಾಕಿ ತೊಳೆದ ಜಾಗದ ಮೇಲೆ ಇಪ್ಪತ್ತೆರಡು ಪಟ್ಟೆ ಬಿದ್ದವು, ಇಪ್ಪತ್ತೆರಡಕ್ಕೂ ಅವಳೇ ಎರಚಿದಳು. ಅಲ್ಲಿಂದ ಮುಂದೆ ಆ ಪಟ್ಟೆ ತುಳಿದಾಗಲೆಲ್ಲ ಅವಳಿಗೆ ಮಲಗಿದ ಗಂಡನ ಬೆನ್ನು ಸವರಿದ ಹಾಗಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಪಟ್ಟೆ ಕಂಡರೆ ಗಾಡಿಗಳು ನಿಲ್ಲುತ್ತಿದ್ದವು. ಬೈದುಕೊಂಡೇ ನಿಲ್ಲುತ್ತಿದ್ದವು, ಆದರೆ ನಿಲ್ಲುತ್ತಿದ್ದವು. ಅತ್ತೆ ಒಂದು, ಎರಡು, ಮೂರು ಎಂದು ಪಟ್ಟೆ ಎಣಿಸಿಕೊಂಡು ರಾಣಿಯ ಹಾಗೆ ದಾಟುತ್ತಿದ್ದಳು.

ಈಗ ಆ ಹೆದ್ದಾರಿಗೆ ಟೋಲ್ ಸಾಲು ಬಂತು. ಅದನ್ನು ತಿಳಿಸಿಹೇಳಲು ಕಂಪನಿಯ ಆಫೀಸಿನಮ್ಮ ಒಂದು ಭಾನುವಾರ ಕೇರಿಗೇ ಬಂದು, ನೀರಿನ ಟ್ಯಾಂಕಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ರಸ್ತೆಯ ಅಂಚು ಅಗಲ ಮಾಡಿ, ನಡುವಿನ ಎರಡು ಸಾಲನ್ನು ದುಡ್ಡು ಕೊಡುವವರಿಗೆ ಬಿಡುತ್ತಾರೆ. ಆ ಸಾಲಿನಲ್ಲಿ ಜಾಮ್ ಇಲ್ಲ, ಸಿಗ್ನಲ್ ಇಲ್ಲ, ನಿಲ್ಲುವುದೇ ಇಲ್ಲ.

"ಪ್ರತಿ ಪ್ರಯಾಣಕ್ಕೂ ಹನ್ನೊಂದು ನಿಮಿಷ ಉಳಿಯುತ್ತೆ. ಇದು ನಿಮ್ಮ ಏರಿಯಾದ ಅಭಿವೃದ್ಧಿ," ಎಂದಳು.

"ಬಾಳ ಸಂತೋಷ ತಾಯಿ," ಎಂದಳು ಅತ್ತೆ. "ನಾವು ಎಲ್ಲಿ ದಾಟೋದು?"

"ಎಕ್ಸ್‌ಪ್ರೆಸ್ ಸಾಲಿನಲ್ಲಿ ದಾಟೋ ಹಾಗಿಲ್ಲಮ್ಮ. ಪಟ್ಟೆ ತೆಗೀತೀವಿ. ಎರಡನೇ ಹಂತದಲ್ಲಿ ಮೇಲ್ಸೇತುವೆ ಬರುತ್ತೆ. ಅಲ್ಲೀತನಕ ಬಸ್ ಡಿಪೊ ಹತ್ರ ರಸ್ತೆ ಕೆಳಗಿನ ದಾರಿ ಇದ್ಯಲ್ಲ, ಅಲ್ಲಿಂದ ಹೋಗಿಬನ್ನಿ."

"ಅದು ಮುಕ್ಕಾಲು ಗಂಟೆ ನಡಿಗೆ ಕಣವ್ವಾ. ಹೋಗ್ತಾ ಮುಕ್ಕಾಲು, ಬರ್ತಾ ಮುಕ್ಕಾಲು."

"ನಡೆದ್ರೆ ಆರೋಗ್ಯಕ್ಕೆ ಒಳ್ಳೇದಲ್ವಾ?"

ಹಿಂದೆ ನಿಂತಿದ್ದ ಯಾರೋ ಕೆಟ್ಟದಾಗಿ ಬೈದರು. ಅತ್ತೆ ಕೈಯೆತ್ತಿ ಸುಮ್ಮನಿರಿಸಿದಳು. "ಹಂಗಾದ್ರೆ ನಾನೂ ಟೋಲ್ ಕೊಡ್ತೀನಿ, ನನ್ನೂ ದಾಟಿಸಿ. ಅದೆಂಥದೋ ಚೀಟಿ ಗಾಜಿಗೆ ಅಂಟಿಸ್ತಾರಂತಲ್ಲ? ನನ್ನ ಹಣೆಗೆ ಅಂಟಿಸಿ."

ಕೇರಿಯೆಲ್ಲ ಹೋ ಎಂದು ನಕ್ಕಿತು. ಆಫೀಸಿನಮ್ಮನೂ ನಕ್ಕಳು, ಏಕೆಂದರೆ ಜನರ ಜೊತೆ ನಗುನಗುತ್ತಾ ಇರಬೇಕೆಂದು ಅವಳಿಗೆ ತರಬೇತಿ ಕೊಟ್ಟಿದ್ದರು. ಸಭೆ ಯಶಸ್ವಿಯಾಯಿತು ಎಂದು ಬರೆದುಕೊಂಡು ಹೋದಳು.

ಪಟ್ಟೆ ಅಳಿಸಲು ಬೇರೆ ತಂಡವನ್ನಾದರೂ ಕಳಿಸಬಹುದಿತ್ತು. ಕಳಿಸಲಿಲ್ಲ. ಅಷ್ಟು ದೂರ ಯೋಚಿಸುವಷ್ಟು ಕೆಟ್ಟವರೇನಲ್ಲ ಅವರು, ಸುಮ್ಮನೆ ಹತ್ತಿರ ಯಾರಿದ್ದರೋ ಅವರನ್ನು ಕಳಿಸಿದರು. ಪಟ್ಟೆ ಕೆರೆಯುವ ಯಂತ್ರ ಬೇರೆಲ್ಲೋ ಇದ್ದುದರಿಂದ ಮೇಲೆ ಕಪ್ಪು ಬಳಿದರೆ ಸಾಕು ಎಂದಾಯಿತು. ಒಂದೊಂದೇ ಸಾಲಿಗೆ ಅಡ್ಡ ಕೋನ್ ಇಟ್ಟುಕೊಂಡು ಒಲೆಯಣ್ಣ ರೋಲರ್ ಹಿಡಿದು ಹೊರಟ. ಮಣಿಯಕ್ಕ ಮುಂದೆ ಗುಡಿಸಿಕೊಂಡು ಹೋಗಿ, ಆಮೇಲೆ ಅಭ್ಯಾಸದಂತೆ ಮಣಿಯ ಚೀಲ ಹೆಗಲಿಗೆ ಹಾಕಿಕೊಂಡು ಹಿಂದೆ ಬಂದಳು.

"ಮಣಿಯಕ್ಕಾ, ನೀನು ಆ ಕಡೆ ಕೂತ್ಕೋ ಬೇಕಾದ್ರೆ. ನಾನೇ ಮುಗಿಸ್ತೀನಿ," ಎಂದ ಒಲೆಯಣ್ಣ, ತಲೆಯೆತ್ತದೆ. ಅವನೂ ಅದೇ ಕೇರಿಯವನು. ಅವತ್ತು ಹೆಣದ ಕಾಲ ಕಡೆ ಕೂತಿದ್ದವನು.

"ಬೇಡಣ್ಣ. ಹಾಕುವಾಗ ಇದ್ದೆ, ತೆಗೆಯುವಾಗ್ಲೂ ಇರ್ತೀನಿ."

ಬಿಳಿಯ ಮೇಲೆ ಕಪ್ಪು ಹರಡುತ್ತಾ ಹೋಯಿತು. ಅವಳು ಅಳಬಾರದು ಎಂದುಕೊಂಡಿದ್ದಳು, ಅತ್ತಳು. ಕಣ್ಣಿಗೆ ಏನೂ ಕಾಣಲಿಲ್ಲ. ಆದರೆ ಆರು ವರ್ಷದ ಕೈ, ಮುಂದೆ ಹಸಿ ಬಣ್ಣ ಬಿದ್ದರೆ ಹಿಂದಿನಿಂದ ತಾನೇ ಚೀಲಕ್ಕೆ ಹೋಗುತ್ತದೆ, ತಾನೇ ಎರಚುತ್ತದೆ. ಬಣ್ಣ ಬಿಳಿಯೋ ಕಪ್ಪೋ ಎಂದು ಅದು ಕೇಳುವುದಿಲ್ಲ. ಇಪ್ಪತ್ತೆರಡನೆಯ ಪಟ್ಟೆ ಮುಗಿದಾಗ ಚೀಲ ಅರ್ಧಕ್ಕೆ ಇಳಿದಿತ್ತು. ಅದು ಅವಳ ಗಮನಕ್ಕೂ ಬರಲಿಲ್ಲ, ಬೇರೆಯವರ ಗಮನಕ್ಕೂ ಬರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಕಪ್ಪು ಕಪ್ಪಾಗಿಯೇ ಇತ್ತು.

ನಡುವಿನ ಎರಡು ಸಾಲು ಮುಚ್ಚಿ ಕಂಬ ನೆಡುತ್ತಿದ್ದರು, ಯಾರನ್ನೂ ದಾಟಲು ಬಿಡುತ್ತಿರಲಿಲ್ಲ. ಎಂಟು ದಿನ ಅತ್ತೆ ಡಿಪೊ ಸುತ್ತಿ ನಡೆದಳು. ನಾಲ್ಕನೆಯ ದಿನಕ್ಕೆ ಮಂಡಿ ಊದಿತು. ಆರನೆಯ ದಿನ ಕ್ಯಾಂಟೀನಿನವನು, "ಇನ್ನೊಂದು ದಿನ ಲೇಟಾದ್ರೆ ಬರಲೇಬೇಡ ಅಜ್ಜಿ," ಎಂದ.

ಎಂಟನೆಯ ದಿನ ಮುಸ್ಸಂಜೆಗೆ ಕಂಪನಿಯ ಇಂಜಿನಿಯರ್ ಟೋಲ್ ಸಾಲನ್ನು ಪರೀಕ್ಷೆ ಮಾಡಲೆಂದು ತನ್ನ ಕಾರನ್ನು ತಾನೇ ಓಡಿಸಿಕೊಂಡು ಬಂದ. ನಾಳೆ ಉದ್ಘಾಟನೆ. ಎರಡೂ ಬದಿಗೆ ಪ್ಲಾಸ್ಟಿಕ್ ಕಂಬ ನೆಟ್ಟ ಖಾಲಿ ಸಾಲಿನಲ್ಲಿ ಕಾರು ಬಾಣದಂತೆ ಬಂತು. ಬಂದದ್ದು ಕೇರಿಯ ಎದುರು ಕಿರ್‍ರೆಂದು ನಿಂತಿತು. ಹಿಂದೆ ಬರುತ್ತಿದ್ದ ಕಂಪನಿಯ ಪಿಕಪ್ ಅದರ ಡಿಕ್ಕಿಗೆ ಮುತ್ತಿಟ್ಟಿತು. ಇಂಜಿನಿಯರ್ ಕೆಳಗಿಳಿದು, ಅಂಚಿನಲ್ಲಿ ಸಾಮಾನು ಕಟ್ಟುತ್ತಿದ್ದ ಗೆರೆಯ ತಂಡವನ್ನು ಕೂಗಿ ಕರೆದು, ಎಲ್ಲರನ್ನೂ ಕಾರಿನ ದೀಪದ ಮುಂದೆ ಕುಕ್ಕರಗಾಲಲ್ಲಿ ಕೂರಿಸಿದ.

"ನೋಡ್ರೋ ಕತ್ತೆಗಳಾ. ಇದೇನಿದು?"

ದೀಪದ ಬೆಳಕಿನಲ್ಲಿ ಪಟ್ಟೆಗಳು ಮಿನುಗುತ್ತಿದ್ದವು. ಬಿಳಿಯಲ್ಲ, ಬೂದಿ ಬಣ್ಣದ ಹೊಳಪು. ಆದರೆ ಒಂದೊಂದೂ ಕಾಣುತ್ತಿತ್ತು, ಅಂಚು ಸಹಿತ. ಮಣಿಯಕ್ಕನಿಗೆ ನಾಚಿಕೆಯಾಗುವಷ್ಟು ಸಂತೋಷವಾಯಿತು. ಹೋಗಿಲ್ಲ ಅವನು, ಇಲ್ಲೇ ಇದ್ದಾನೆ ಎನ್ನಿಸಿತು.

"ಕಪ್ಪಿಗೆ ಮಣಿ ಹಾಕಿದ್ದು ಯಾರು?"

"ನಾನೇ ಸಾರ್. ಬೇಕು ಅಂತಲ್ಲ. ಬಣ್ಣ ಬಿದ್ದ ಕಡೆ ಕೈ ತಾನೇ ಎರಚಿಬಿಡುತ್ತೆ."

"ನಿನ್ನ ಕೈಗೆ ಬುದ್ಧಿ ಇಲ್ವಾ?"

"ಬುದ್ಧಿ ಇದ್ದಿದ್ರೆ ಈ ಕೆಲಸಕ್ಕೆ ಯಾಕೆ ಬರ್ತಿತ್ತು ಸಾರ್?"

ಮೇಸ್ತ್ರಿ ಅವಳ ಜಡೆ ಹಿಡಿದು ತಲೆಯನ್ನು ರಸ್ತೆಯವರೆಗೂ ಬಗ್ಗಿಸಿದ. "ಸಾಹೇಬ್ರಿಗೆ ಎದುರು ಮಾತಾಡ್ತೀಯಾ ಲೌಡಿ? ಗಂಡನ್ನ ತಿಂದ್ಕೊಂಡಿದ್ದು ಸಾಲ್ದು ಅಂತ ಈಗ ನಮ್ಮ ಅನ್ನಕ್ಕೂ ಕಲ್ಲು ಹಾಕ್ತೀಯಾ?" ಇಂಜಿನಿಯರ್ ಬೇಡ ಬೇಡ ಎಂಬಂತೆ ಕೈ ಆಡಿಸಿದ. ಅವನು ಓದಿದವನು, ಇಂಥದ್ದೆಲ್ಲ ಕಣ್ಣೆದುರು ನಡೆಯುವುದು ಅವನಿಗೆ ಹಿಡಿಸುವುದಿಲ್ಲ. ಪಕ್ಕಕ್ಕೆ ತಿರುಗಿ ನಿಂತ.

ನಾಳೆ ಹನ್ನೊಂದಕ್ಕೆ ತಾನೇ ಮುಂದೆ ನಿಂತು ಮತ್ತೆ ಕಪ್ಪು ಬಳಿಸುವುದು, ಮಣಿಯ ಚೀಲಗಳನ್ನೆಲ್ಲ ಶೆಡ್ಡಿನಲ್ಲಿಟ್ಟು ಬೀಗ ಹಾಕುವುದು, ಉದ್ಘಾಟನೆ ನಾಲ್ಕಕ್ಕೆ ಎಂದು ಹೇಳಿ ಹೊರಟುಹೋದ.

ಆ ರಾತ್ರಿ ಅತ್ತೆ ತಲೆ ಬಾಚಲು ಕೂತವಳು ಸೊಸೆಯ ಹಣೆಯ ಮೇಲಿನ ತರಚನ್ನು ನೋಡಿದಳು. ಅದಕ್ಕೆ ಅರಿಶಿನ ಒತ್ತಿ, "ನಾಳೆಯಿಂದ ನಾನು ಇಲ್ಲೇ ದಾಟೋಳು," ಎಂದಳು.

"ಅತ್ತೆ, ತಲೆ ಕೆಟ್ಟಿದ್ಯಾ? ನಾಳೆಯಿಂದ ಗಾಡಿಗಳು ಸುಂಯ್ ಅಂತ ಬರ್ತವೆ. ಪಟ್ಟೆ ಇಲ್ದಿದ್ರೆ ಯಾರೂ ನಿಲ್ಸಲ್ಲ."

"ಬೆಳಿಗ್ಗೆ ನಸುಕಲ್ಲೇ ಡಿಪೊ ಸುತ್ತಿ ಹೋಗ್ತೀನಿ. ಸಂಜೆ ಬರುವಾಗ ಈ ಮಂಡಿ ಎತ್ಕೊಂಡು ನಡೆಯಕ್ಕೆ ನನ್ ಕೈಲಿ ಆಗಲ್ಲ. ನನ್ನ ಮಗ ದಾಟಿದ ಜಾಗ, ನಾನೂ ದಾಟ್ತೀನಿ."

"ಅವರು ದಾಟಲಿಲ್ಲ ಅತ್ತೆ."

ಅತ್ತೆಯ ಬಾಚಣಿಗೆ ನಿಂತಿತು. ಅವಳು ಒಮ್ಮೆ ಹೇಳಿದರೆ ಮುಗಿಯಿತು, ದಾಟಿಯೇ ದಾಟುತ್ತಾಳೆ. ಹಗ್ಗ ಹಾಕಿ ಕಟ್ಟಿದರೂ ನಿಲ್ಲುವವಳಲ್ಲ. ಅದೇ ಜಾಗದಲ್ಲಿ ಇನ್ನೊಂದು ಹೆಣ ಎತ್ತುವ ಶಕ್ತಿ ಮಣಿಯಕ್ಕನಿಗಿರಲಿಲ್ಲ. ಅವಳ ಕಣ್ಣು ತಟ್ಟೆಯಲ್ಲಿದ್ದ ಮಣಿಯ ಮೇಲೆ ಬಿತ್ತು.

"ಅತ್ತೆ, ಆ ಡಬ್ಬಿಗಳು ಎಲ್ಲಿ?"

"ಯಾಕೆ?"

"ವಾಪಸ್ ಕೊಡೋ ದಿನ ಬಂತು."

ಅತ್ತೆ ಒಂದು ಗಳಿಗೆ ಸೊಸೆಯ ಮುಖ ನೋಡಿದಳು. ಮಂಚದ ಕೆಳಗಿಂದ ಡಬ್ಬಿಗಳನ್ನು ಎಳೆದಳು. ಕಿತ್ತಳೆ ಮೇಲಂಗಿಯನ್ನು ಮಡಿಲಿಗೆ ಹಾಕಿಕೊಂಡು, ಅದರ ಅಂಚಿನ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚತೊಡಗಿದಳು.

ಮರುದಿನ ಹನ್ನೊಂದಕ್ಕೆ ಇಂಜಿನಿಯರ್ ಕೊಡೆ ಹಿಡಿಸಿಕೊಂಡು ಬಂದು ನಿಂತ. ಮಣಿಯಕ್ಕನ ಕೈಯಲ್ಲಿ ಪೊರಕೆ ಬಿಟ್ಟು ಬೇರೇನೂ ಇರಲಿಲ್ಲ. ಮೇಲಂಗಿ ಮಾತ್ರ ಯಾಕೋ ಭಾರವಾಗಿ ಜೋಲುತ್ತಿತ್ತು, ಅದನ್ನು ನೋಡುವ ಉಸಾಬರಿ ಯಾರಿಗೂ ಇರಲಿಲ್ಲ. ಒಲೆಯಣ್ಣ ನೋಡಿದ. ನೋಡಿ, ರೋಲರನ್ನು ಡಬ್ಬದಲ್ಲಿ ಎರಡು ಸಲ ಅದ್ದಿ, ಬಣ್ಣವನ್ನು ಎಂದಿಗಿಂತ ದಪ್ಪಗೆ ಬಳಿದ. ದಪ್ಪಗಿದ್ದರೆ ಬೇಗ ಒಣಗುವುದಿಲ್ಲ.

"ನೋಡಿ ಕಲಿ. ಹಿಂಗೆ ಬಳೀಬೇಕು," ಎಂದು ಇಂಜಿನಿಯರ್ ಮೆಚ್ಚಿಕೊಂಡ.

ಇಪ್ಪತ್ತೆರಡೂ ಮುಗಿಯಿತು. ಮಣಿಯಕ್ಕ ಪೊರಕೆ ಹಿಡಿದು ಪಟ್ಟೆಗಳ ನಡುವೆಯೇ ನಿಂತಿದ್ದಳು, ಹಸಿ ಬಣ್ಣ ತುಳಿಯದೆ, ಎರಡು ಪಟ್ಟೆಗಳ ಸಂದಿಯಲ್ಲಿ ಕಾಲಿಟ್ಟು. ಮೇಸ್ತ್ರಿ ಅವಳನ್ನು ನೋಡಿದ. ಸಾಹೇಬರ ಎದುರು ತನ್ನ ಕಟ್ಟುನಿಟ್ಟು ತೋರಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಎನ್ನಿಸಿರಬೇಕು.

"ಏಯ್! ಕೊಡವು!"

"ಇಲ್ಲೇ ಕೊಡವ್ಲಾ ಮೇಸ್ತ್ರಿ?"

"ಇಲ್ದೆ ಇನ್ನೆಲ್ಲಿ, ನಿಮ್ಮಪ್ಪನ ಅರಮನೇಲಾ? ಇಲ್ಲೇ ಕೊಡವು, ಸಾಹೇಬ್ರು ನೋಡ್ಲಿ!"

"ಮೇಸ್ತ್ರಿ ಹೇಳಿದ್ರು, ಕೊಡವ್ತೀನಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಮೇಲಂಗಿ ಬಿಚ್ಚಿ ಅಂಚು ಹಿಡಿದು ಜಾಡಿಸಿದಳು. ಒಂದು ಸಂದಿಯಿಂದ ಇನ್ನೊಂದು ಸಂದಿಗೆ ಕಾಲಿಡುತ್ತಾ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾಡಿಸಿದಳು. ಜೇಬುಗಳನ್ನು ಒಳಹೊರಗು ಮಾಡಿದಳು. ತೋಳಿನ ಮಡಿಕೆ ಬಿಚ್ಚಿದಳು. ತಲೆಯ ಬಟ್ಟೆಯ ಗಂಟು ಬಿಚ್ಚಿ, ಕಾಳು ಬಿತ್ತುವವಳ ಹಾಗೆ ಬೀಸಿದಳು. ಬಿಸಿಲಿನಲ್ಲಿ ಏನೂ ಕಾಣಲಿಲ್ಲ, ಸಣ್ಣಗೆ ಸರಸರ ಸದ್ದು ಮಾತ್ರ ಕೇಳುತ್ತಿತ್ತು. ಪಕ್ಕದ ಸಾಲಿನಲ್ಲಿ ನಿಂತಿದ್ದ ಕಾರುಗಳ ಜನ ಎಂದಿನಂತೆ ನೋಡಿದರು. ಇಪ್ಪತ್ತೆರಡನೆಯ ಪಟ್ಟೆಗೆ ಬಂದಾಗ ಮೇಲಂಗಿ ಹಗುರವಾಗಿತ್ತು.

"ಇನ್ನೂ ಕೊಡವ್ಲಾ ಮೇಸ್ತ್ರಿ?"

"ಸಾಕು ಸಾಕು," ಎಂದ ಇಂಜಿನಿಯರ್, ಸಮಾಧಾನದಿಂದ. "ಶಿಸ್ತು ಅಂದ್ರೆ ಹೀಗಿರಬೇಕು. ಕಂಪನಿಯ ಒಂದು ಕಾಳೂ ಆಚೆ ಹೋಗಬಾರದು."

ಉದ್ಘಾಟನೆ ನಾಲ್ಕಕ್ಕಿತ್ತು. ಗಣ್ಯರು ನಾಲ್ಕಕ್ಕೆ ಬಂದಿದ್ದರೆ ಕಂಪನಿಯ ಮಾನ ಉಳಿಯುತ್ತಿತ್ತು, ಬಿಸಿಲಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ಗಣ್ಯರು ಹೊತ್ತಿಗೆ ಸರಿಯಾಗಿ ಬಂದರೆ ಗಣ್ಯರು ಹೇಗಾಗುತ್ತಾರೆ? ಅದೂ ಅಲ್ಲದೆ ಅವರು ಬರುತ್ತಿದ್ದದ್ದು ಈ ಹೆದ್ದಾರಿಯ ಪುಕ್ಕಟೆ ಸಾಲಿನಲ್ಲೇ, ಜಾಮಿನಲ್ಲಿ ಸಿಕ್ಕಿಕೊಂಡಿದ್ದರು. ರಿಬ್ಬನ್ ಕತ್ತರಿಸಿ, ಭಾಷಣ ಮುಗಿಸಿ, ಒಂಬತ್ತು ಕಾರುಗಳು ಟೋಲ್ ಸಾಲಿಗೆ ಇಳಿಯುವಷ್ಟರಲ್ಲಿ ಮುಸ್ಸಂಜೆ ಕಳೆಯುತ್ತಾ ಬಂದಿತ್ತು. ದೀಪಗಳು ಹೊತ್ತಿದವು.

ಆ ಕಡೆಯ ಅಂಚಿನಲ್ಲಿ ಅತ್ತೆ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಅವಳ ಹಿಂದೆ ಆಸ್ಪತ್ರೆಯ ಗುಡಿಸುವವರು, ಗೋದಾಮಿನ ಹಮಾಲಿಗಳು, ಕೇರಿಯ ಹತ್ತಿಪ್ಪತ್ತು ಜನ. ಮುದುಕಿ ಇಲ್ಲೇ ದಾಟುತ್ತಾಳಂತೆ ಎಂದು ಸುದ್ದಿಯಾಗಿ, ತಡೆಯಲು ಬಂದವರು ಕೆಲವರು, ನೋಡಲು ಬಂದವರು ಕೆಲವರು. ಈ ಕಡೆ ಮಣಿಯಕ್ಕ ಪೊರಕೆ ಹಿಡಿದು ನಿಂತಿದ್ದಳು. ಅಂಚಿನ ಸಾಲುಗಳು ಎಂದಿನಂತೆ ಉಸಿರುಗಟ್ಟಿ ನಿಂತಿದ್ದವು. ಅವುಗಳ ನಡುವೆ ಹಳೆಯ ಪಟ್ಟೆ ಎಣಿಸಿಕೊಂಡು ನುಸುಳಿ ಅತ್ತೆ ಪ್ಲಾಸ್ಟಿಕ್ ಕಂಬದವರೆಗೂ ಬಂದಳು. ಅಲ್ಲಿಂದ ಮುಂದೆ ಖಾಲಿ ರಸ್ತೆ. ದೂರದಲ್ಲಿ ಒಂಬತ್ತು ಕಾರಿನ ದೀಪಗಳು ದೊಡ್ಡದಾಗುತ್ತಾ ಬರುತ್ತಿದ್ದವು.

ಅತ್ತೆ ಕಂಬ ದಾಟಿ ಕಾಲಿಟ್ಟಳು.

ಅಷ್ಟರಲ್ಲಿ ದೀಪ ನೆಲಕ್ಕೆ ಬಿತ್ತು. ರಸ್ತೆಯ ಆ ಅಂಚಿನಿಂದ ಈ ಅಂಚಿನವರೆಗೆ ಪಟ್ಟೆಗಳು ಭಗ್ಗನೆ ಎದ್ದವು. ಆರು ವರ್ಷದ ತಲೆ ಬಾಚಿದ ಮಣಿ ಅಷ್ಟೂ ಅಲ್ಲಿತ್ತು. ಮೊದಲ ಕಾರಿನ ಡ್ರೈವರ್ ಈ ದಾರಿಯಲ್ಲಿ ದಿನಾ ಓಡಾಡುವ ಮನುಷ್ಯ, ಪಟ್ಟೆ ಕಂಡರೆ ಅವನ ಕಾಲೂ ಯಾರನ್ನೂ ಕೇಳುವುದಿಲ್ಲ. ಬ್ರೇಕು ಕಿರುಚಿತು. ಹಿಂದಿನ ಎಂಟೂ ಒಂದರ ಹಿಂದೆ ಒಂದು ಕಿರುಚಿ ನಿಂತವು. ಅತ್ತೆಗೂ ಮೊದಲ ಕಾರಿನ ಮೂತಿಗೂ ಮೂರು ಮಾರು ಇತ್ತು.

"ಹನ್ನೊಂದು," ಎಂದಳು ಅತ್ತೆ, ಪಟ್ಟೆ ತುಳಿದು. "ಹನ್ನೆರಡು."

ಅವಳ ಹಿಂದೆ ಗುಡಿಸುವವರು ಇಳಿದರು, ಹಮಾಲಿಗಳು ಇಳಿದರು. ಆಮೇಲೆ ಈ ಕಡೆಯಿಂದಲೂ ಕೇರಿ ಇಳಿಯಿತು. ಯಾರೂ ಘೋಷಣೆ ಕೂಗಲಿಲ್ಲ, ಯಾರಿಗೂ ಅವಸರವೂ ಇರಲಿಲ್ಲ. ಸಾಲು ಬಿಟ್ಟು ಆಚೀಚೆ ಹೋಗೋಣವೆಂದರೆ ಕಾರುಗಳಿಗೆ ಕಂಪನಿಯ ಕಂಬಗಳು ಅಡ್ಡ. ಪುಕ್ಕಟೆ ಸಾಲಿನಲ್ಲಿದ್ದವರು ಕಿಟಕಿ ಇಳಿಸಿ ಸೀಟಿ ಹೊಡೆದರು. ಎಷ್ಟು ಹೊತ್ತು ನಿಂತಿದ್ದರೋ, ಕೇರಿಯಲ್ಲಿ ಬಾಯಿ ದೊಡ್ಡದಿರುವವರು ಸರಿಯಾಗಿ ಹನ್ನೊಂದು ನಿಮಿಷ ಎನ್ನುತ್ತಾರೆ.

ಆಫೀಸಿನಮ್ಮ ಮೂರನೆಯ ಕಾರಿನಿಂದ ಇಳಿದು ಓಡಿಬಂದಳು. ಈ ಸಲ ನಗುತ್ತಿರಲಿಲ್ಲ. "ಏನಮ್ಮಾ ಇದು? ಇಲ್ಲಿ ದಾಟಬಾರದು ಅಂತ ಹೇಳಿರಲಿಲ್ವಾ?"

ಅತ್ತೆ ನಿಂತು, ಹಣೆಯ ಬೆವರು ಒರೆಸಿಕೊಂಡಳು. "ಚೀಟಿ ತಂದ್ಯೇನವ್ವಾ?" ಎಂದು ಹಣೆ ಮುಂದೆ ಮಾಡಿದಳು. ಆಮೇಲೆ, "ಹದಿನೇಳು," ಎಂದು ಮುಂದೆ ನಡೆದಳು.

ಅಷ್ಟರಲ್ಲಿ ಮೇಸ್ತ್ರಿ ಈ ಕಡೆ ಮಣಿಯಕ್ಕನ ರಟ್ಟೆ ಹಿಡಿದಿದ್ದ. ಇಂಜಿನಿಯರ್ ಏದುಸಿರು ಬಿಡುತ್ತಾ, "ಯಾರು ಹಾಕಿದ್ದು? ಯಾರು ಹೇಳಿದ್ದು ಹಾಕು ಅಂತ?" ಎಂದ.

"ನೀವೂ ಇದ್ರಲ್ಲ ಸಾರ್. ಮೇಸ್ತ್ರಿ ಕೊಡವು ಅಂದ್ರು, ಕೊಡವಿದೆ. ಒಂದು ಕಾಳೂ ಆಚೆ ಹೋಗಿಲ್ಲ."

ಇಂಜಿನಿಯರ್ ಮೇಸ್ತ್ರಿಯ ಕಡೆ ತಿರುಗಿದ. ಮೇಸ್ತ್ರಿಯ ಕೈ ಅವಳ ರಟ್ಟೆಯಿಂದ ತಾನಾಗಿ ಜಾರಿತು.

"ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ," ಎಂದ ಇಂಜಿನಿಯರ್ ಅವಳಿಗೆ. "ಬಿಚ್ಚು ಆ ಜಾಕೆಟ್. ಕಂಪನಿದು ಅದು."

ಮಣಿಯಕ್ಕ ಬಿಚ್ಚಿದಳು. ಕೊಡುವ ಮುಂಚೆ, ಆರು ವರ್ಷದ ಅಭ್ಯಾಸ, ಅದನ್ನು ಎರಡೂ ಕೈಯಲ್ಲಿ ಹಿಡಿದು ಅವರಿಬ್ಬರ ಮುಖದೆದುರೇ ಜೋರಾಗಿ ಒಮ್ಮೆ ಕೊಡವಿದಳು. ಇಬ್ಬರೂ ಕಣ್ಣು ಮುಚ್ಚಿಕೊಂಡು ಹಿಂದೆ ಸರಿದರು. ಆಮೇಲೆ ಅವಳು ಪಟ್ಟೆಯ ಮೇಲೆ ಇಳಿದು, ಅತ್ತೆಯ ಕೈಯಲ್ಲಿದ್ದ ಊಟದ ಡಬ್ಬಿ ಇಸಿದುಕೊಳ್ಳಲು ನಡೆದಳು.